ನೋಟಿಸ್‌ನಲ್ಲಿರುವ ಮೊತ್ತವೇ ಬಾಕಿಯಲ್ಲ: ಸಣ್ಣ ವ್ಯಾಪಾರಿಯ ತೆರಿಗೆ ಸಾಲ ತೀರುವ ಬಗೆ

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗಲ್ಲಾದ ಮುಂದಿದ್ದ ಕ್ಯೂಆರ್ ಸ್ಟಿಕ್ಕರ್ ಮಾಯವಾಯಿತು. ಆ ಜಾಗಕ್ಕೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬೋರ್ಡ್ ಬಂತು. ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿ ತರಿಸಿಕೊಂಡು, ವಾರ್ಷಿಕ ವಹಿವಾಟಿನ ಮಿತಿ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸದವರಿಗೆ ನೋಟಿಸ್ ಕಳಿಸಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಜುಲೈ 25ರ ಬಂದ್ ಕರೆ ವಾಪಸಾಯಿತು.

ಸಭೆಯ ಭರವಸೆ ಒಂದು, ಕಡತದ ಸ್ಥಿತಿ ಇನ್ನೊಂದು. ಜಿಎಸ್‌ಟಿ ಕೇಂದ್ರ-ರಾಜ್ಯಗಳ ಜಂಟಿ ಕಾನೂನು. ಅದರಡಿ ಬಂದ ನೋಟಿಸ್ ಮುಗಿಯಬೇಕಾದರೆ ಅಧಿಕಾರಿ ಲಿಖಿತವಾಗಿ ಮುಗಿಸಬೇಕು. ಭರವಸೆ ನಂಬಿ ಉತ್ತರ ಕೊಡದೆ ಕುಳಿತವರ ಕೈಯಲ್ಲಿ ‘ನಿಮ್ಮ ಉತ್ತರ ಒಪ್ಪಿ ಪ್ರಕರಣ ಮುಕ್ತಾಯಗೊಳಿಸಿದೆ’ ಎಂಬ ಕಾಗದ ಇಲ್ಲದಿದ್ದರೆ, ಅವರು ಅದನ್ನು ಈಗಲಾದರೂ ಕೇಳಿ ಪಡೆಯಬೇಕು.

ಇನ್ನೊಂದು ಭ್ರಮೆಯೂ ಇದೆ. ‘ಅರ್ಧಕ್ಕೆ ಸೆಟ್ಲ್ ಮಾಡಿಸಿಕೊಡುತ್ತೇನೆ’ ಎನ್ನುವ ಮಧ್ಯವರ್ತಿಗಳು ಈಗ ಎಲ್ಲ ಕಡೆ ಇದ್ದಾರೆ. ನಮ್ಮ ಜಿಎಸ್‌ಟಿ ಕಾಯ್ದೆಯಲ್ಲಿ ಅಧಿಕಾರಿಯ ಜೊತೆ ಕೂತು ತೆರಿಗೆಯ ಅಸಲನ್ನು ಚೌಕಾಸಿ ಮಾಡುವ ಅವಕಾಶವೇ ಇಲ್ಲ. 2017-18ರಿಂದ 2019-20ರ ಬಾಕಿಗೆ ಬಡ್ಡಿ-ದಂಡ ಮನ್ನಾ ಮಾಡಿದ ಸೆಕ್ಷನ್ 128ಎ ಕೂಡ ಅಸಲು ಪೂರ್ತಿ ಕಟ್ಟಿಸಿಕೊಂಡೇ ಮನ್ನಾ ಕೊಟ್ಟಿತು. ಅದರಡಿ ಹಣ ಕಟ್ಟುವ ಸಾಮಾನ್ಯ ಗಡುವು 2025ರ ಮಾರ್ಚ್ 31ಕ್ಕೆ ಮುಗಿದಿದೆ. ರಾಜ್ಯ ಸರ್ಕಾರ ಆಗಾಗ ತಂದ ‘ಕರಸಮಾಧಾನ’ ಯೋಜನೆ ಜಿಎಸ್‌ಟಿಗಿಂತ ಹಿಂದಿನ ವ್ಯಾಟ್‌ನಂಥ ತೆರಿಗೆಗಳ ಬಾಕಿಗೆ. ಹಾಗಾಗಿ ಮೊತ್ತ ಇಳಿಯುವುದು ಎರಡೇ ದಾರಿಯಲ್ಲಿ: ಲೆಕ್ಕವನ್ನು ಸರಿಪಡಿಸುವುದರಿಂದ, ಗಡುವನ್ನು ಹಿಡಿಯುವುದರಿಂದ. ಮೊದಲನೆಯದರಲ್ಲಿ ಎಷ್ಟು ಇಳಿಯುತ್ತದೆ ಎಂಬ ಅಂದಾಜು ಬಹಳ ಜನರಿಗಿಲ್ಲ.

ಒಂದು ಅಂಗಡಿಯ ಲೆಕ್ಕ

ಒಂದು ಕಾಲ್ಪನಿಕ ಕಾಂಡಿಮೆಂಟ್ಸ್ ಅಂಗಡಿ ತೆಗೆದುಕೊಳ್ಳಿ. 2022-23ರಲ್ಲಿ ಯುಪಿಐ ಮೂಲಕ ಬಂದದ್ದು ₹58 ಲಕ್ಷ. ಅಷ್ಟಕ್ಕೂ ಶೇ 18 ಹಾಕಿದರೆ ನೋಟಿಸ್‌ನಲ್ಲಿ ತೆರಿಗೆಯೇ ₹10.44 ಲಕ್ಷ. ಬಡ್ಡಿ, ದಂಡ ಬೇರೆ.

ಮೊದಲ ಕೆಲಸ, ಬ್ಯಾಂಕ್ ಸ್ಟೇಟ್‌ಮೆಂಟನ್ನು ಪಿಡಿಎಫ್ ಬದಲು ಎಕ್ಸೆಲ್ ರೂಪದಲ್ಲಿ ತರಿಸಿಕೊಂಡು ಪ್ರತಿ ಜಮೆಯ ಎದುರು ಗುರುತು ಹಾಕುವುದು. ಚೀಟಿ ಎತ್ತಿದ ಹಣ, ಬಾವ ಕೊಟ್ಟ ಕೈಸಾಲ, ಹೆಂಡತಿಯ ಖಾತೆಯಿಂದ ಬಂದದ್ದು, ತನ್ನದೇ ಇನ್ನೊಂದು ಖಾತೆಯಿಂದ ಹಾಕಿಕೊಂಡದ್ದು, ವಾಪಸಾದ ಪಾವತಿ, ಇವು ಯಾವುದೂ ಮಾರಾಟವಲ್ಲ. ನಮ್ಮ ಅಂಗಡಿಯಲ್ಲಿ ಹೀಗೆ ₹8 ಲಕ್ಷ ಕಳೆಯಿತು ಎಂದಿಟ್ಟುಕೊಳ್ಳಿ. ಉಳಿದದ್ದು ₹50 ಲಕ್ಷ. ಇನ್ನು ನಗದು ಮಾರಾಟ ₹6 ಲಕ್ಷ ಇದ್ದರೆ ಅದನ್ನೂ ಸೇರಿಸಲೇಬೇಕು. ಯುಪಿಐ ಬರೀ ಒಂದು ಕಿಂಡಿ, ಕಾನೂನು ಕೇಳುವುದು ಇಡೀ ಮಾರಾಟವನ್ನು. ಒಟ್ಟು ವಹಿವಾಟು ₹56 ಲಕ್ಷವಾಯಿತು.

ಇದರಲ್ಲಿ ಹಾಲು, ಬ್ರೆಡ್, ಮೊಟ್ಟೆ ₹21 ಲಕ್ಷ. ಇವಕ್ಕೆ ತೆರಿಗೆ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ: ತೆರಿಗೆ ಇಲ್ಲದ ಸರಕು ಮಿತಿಯ ಲೆಕ್ಕಕ್ಕೂ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಬರುತ್ತದೆ. ಬರೀ ತರಕಾರಿ, ಬರೀ ಹಾಲು ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ (ಸೆಕ್ಷನ್ 23). ಆದರೆ ಹಾಲಿನ ಜೊತೆ ಬಿಸ್ಕತ್ತು, ಸಿಗರೇಟು ಇಟ್ಟ ಕ್ಷಣ, ಹಾಲಿನ ಮಾರಾಟವೂ ₹40 ಲಕ್ಷದ ಮಿತಿಗೆ ಸೇರುತ್ತದೆ. ತೆರಿಗೆ ಮಾತ್ರ ಬಿಸ್ಕತ್ತು-ಸಿಗರೇಟಿನ ಮೇಲೆ. ನಮ್ಮ ಅಂಗಡಿಯಲ್ಲಿ ತೆರಿಗೆಗೆ ಸಿಕ್ಕುವ ಸರಕು ₹35 ಲಕ್ಷ, ಅಂದರೆ ಒಟ್ಟಿನ ಶೇ 62.5.

ಮುಂದಿನ ಹೆಜ್ಜೆಯನ್ನು ಉತ್ತರ ಬರೆಯುವವರೇ ಮರೆಯುತ್ತಾರೆ. ನೋಂದಣಿಯ ಹೊಣೆ ಹುಟ್ಟುವುದು ವಹಿವಾಟು ₹40 ಲಕ್ಷ ದಾಟಿದ ದಿನ. ಅಂಗಡಿ ಹಿಂದಿನ ವರ್ಷ ಮಿತಿ ದಾಟಿರದಿದ್ದರೆ, ಈ ವರ್ಷದ ಮೊದಲ ₹40 ಲಕ್ಷಕ್ಕೆ ತೆರಿಗೆ ಕೇಳುವಂತಿಲ್ಲ. ದಾಟಿದ ಮೇಲಿನ ₹16 ಲಕ್ಷದಲ್ಲಿ ತೆರಿಗೆಯ ಸರಕು ಶೇ 62.5ರಂತೆ ₹10 ಲಕ್ಷ. (ಮುಂದಿನ ವರ್ಷಕ್ಕೆ ಈ ರಿಯಾಯಿತಿ ಇಲ್ಲ. ಹೊಣೆ ಏಪ್ರಿಲ್ 1ರಿಂದಲೇ ಮುಂದುವರಿಯುತ್ತದೆ.)

ಕೊನೆಗೆ ಜಿಎಸ್‌ಟಿ ನಿಯಮಗಳ ರೂಲ್ 35. ವ್ಯಾಪಾರಿ ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡಿಲ್ಲ, ಎಂಆರ್‌ಪಿಗೆ ಮಾರಿದ್ದಾನೆ. ಆಗ ಬಂದ ಹಣದೊಳಗೇ ತೆರಿಗೆ ಅಡಗಿದೆ ಎಂದು ಹಿಮ್ಮುಖವಾಗಿ ಲೆಕ್ಕ ಹಾಕಬೇಕು. ತೆರಿಗೆಯ ಸರಕೆಲ್ಲ ಶೇ 18ರದೇ ಎಂದಿಟ್ಟುಕೊಂಡರೆ: 10,00,000 × 18 ÷ 118 = ₹1,52,542.

ನೋಟಿಸ್‌ನ ₹10.44 ಲಕ್ಷ ಎಲ್ಲಿ, ಈ ₹1.53 ಲಕ್ಷ ಎಲ್ಲಿ! ಇಲ್ಲಿ ಯಾರೂ ದಯೆ ತೋರಿಲ್ಲ, ಕಾಯ್ದೆಯ ಲೆಕ್ಕವೇ ಅಷ್ಟು. ಹಾಗಂತ ಎಲ್ಲರಿಗೂ ಹೀಗೆಯೇ ಇಳಿಯುತ್ತದೆ ಎಂದಲ್ಲ. ಮಾರಾಟದಲ್ಲಿ ಸಿಗರೇಟಿನ ಪಾಲು ದೊಡ್ಡದಿದ್ದರೆ ಆ ವರ್ಷಗಳಲ್ಲಿ ಅದಕ್ಕೆ ಶೇ 28ರ ಜೊತೆ ಸೆಸ್ ಕೂಡ ಇತ್ತು, ಲೆಕ್ಕ ಏರುತ್ತದೆ. ನೋಂದಣಿ ಇಲ್ಲದ ಕಾಲದ ಖರೀದಿಯ ಮೇಲೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ ಸಿಗುವುದಿಲ್ಲ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಿದ್ದರೆ ಅಂಗಡಿಯಲ್ಲಿದ್ದ ಸ್ಟಾಕ್‌ಗೆ ಸಿಗುತ್ತಿತ್ತು. ತಡ ಮಾಡಿದ್ದಕ್ಕೆ ವ್ಯಾಪಾರಿ ತೆರುವ ನಿಜವಾದ ಬೆಲೆ ದಂಡಕ್ಕಿಂತ ಈ ಕ್ರೆಡಿಟ್‌ನದೇ ಹೆಚ್ಚು. ಸಣ್ಣ ವ್ಯಾಪಾರಿಗಳಿಗಿರುವ ಶೇ 1ರ ಸರಳ ತೆರಿಗೆ ಯೋಜನೆ ‘ಕಾಂಪೊಸಿಷನ್’ ಕೂಡ ಹಿಂದಿನ ದಿನಾಂಕಕ್ಕೆ ಅನ್ವಯವಾಗದು.

ಹೋಟೆಲ್, ಟೀ ಅಂಗಡಿಯವರ ಲೆಕ್ಕವೇ ಬೇರೆ. ಅವರದು ಸೇವೆ, ಮಿತಿ ₹20 ಲಕ್ಷ. ಆದರೆ ರೆಸ್ಟೋರೆಂಟ್ ಸೇವೆಯ ದರ ಶೇ 5. ದರ್ಶಿನಿಯೊಂದಕ್ಕೆ ಶೇ 18 ಹಾಕಿ ನೋಟಿಸ್ ಬಂದಿದ್ದರೆ ಮೊದಲ ಆಕ್ಷೇಪಣೆ ಅದೇ ಇರಬೇಕು. ಬೇಕರಿಯವರು ಕೇಕು, ಬ್ರೆಡ್ ಬೇರೆ ಬೇರೆ ಮಾಡಬೇಕು: ಆ ವರ್ಷಗಳಲ್ಲಿ ಕೇಕಿಗೆ ಶೇ 18, ಬ್ರೆಡ್‌ಗೆ ಸೊನ್ನೆ. 2025ರ ಸೆಪ್ಟೆಂಬರ್ 22ರಿಂದ ಇಳಿದ ದರಗಳು ಹಳೆ ವರ್ಷಗಳಿಗೆ ಅನ್ವಯಿಸುವುದಿಲ್ಲ. ಆಯಾ ಕಾಲದ ದರವೇ ಲೆಕ್ಕ.

ಸರಕುವಾರು ಮಾರಾಟದ ಬಿಲ್ ಸಣ್ಣ ಅಂಗಡಿಯಲ್ಲಿ ಇರುವುದಿಲ್ಲ. ಪರ್ಚೇಸ್ ಬಿಲ್ ಇರುತ್ತದೆ. ಹಾಲಿನ ಏಜೆನ್ಸಿಯ ತಿಂಗಳ ಲೆಕ್ಕ, ಬ್ರೆಡ್ ಸಪ್ಲೈಯರ್‌ನ ಬಿಲ್, ಮೊಟ್ಟೆ ಹೋಲ್‌ಸೇಲ್‌ನವನ ಚೀಟಿ ಹಿಡಿದು, ಕೊಂಡದ್ದಕ್ಕೆ ಸಾಮಾನ್ಯ ಲಾಭ ಸೇರಿಸಿ ಮಾರಾಟದ ಪಾಲು ತೋರಿಸಬಹುದು. ಬಿಲ್ ಕಳೆದಿದ್ದರೆ ಸಪ್ಲೈಯರ್‌ನಿಂದ ಲೆಡ್ಜರ್ ಪ್ರತಿ ತರಿಸಿ. ಬಾಯಿಮಾತಿನ ‘ಅರ್ಧಕ್ಕರ್ಧ ಹಾಲೇ ಸಾರ್’ ಎಂಬ ಉತ್ತರಕ್ಕೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ, ಹಾಕಿದರೆ ನಾಳೆ ಆಡಿಟ್‌ನಲ್ಲಿ ಅವರೇ ಸಿಕ್ಕಿಬೀಳುತ್ತಾರೆ.

ಸೆಕ್ಷನ್ ನಂಬರ್ ನೋಡಿ, ತಾರೀಖು ಎಣಿಸಿ

ನೋಟಿಸ್ ಅಸಲಿಯೇ ಎಂದು ಅದರ ಮೇಲಿನ ರೆಫರೆನ್ಸ್ ನಂಬರ್ ಹಾಕಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪರೀಕ್ಷಿಸಿ. ಜುಲೈ ಗದ್ದಲದಂಥ ಹೊತ್ತಲ್ಲಿ ನಕಲಿ ನೋಟಿಸ್ ಹಿಡಿದು ಬರುವವರಿಗೆ ಸುಗ್ಗಿ. ಆಮೇಲೆ ಯಾವ ಸೆಕ್ಷನ್ ಎಂದು ಓದಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಸೆಕ್ಷನ್ 73 ಎಂದರೆ ಮೋಸದ ಆರೋಪ ಇಲ್ಲ, 2023-24ರವರೆಗಿನ ವರ್ಷಗಳಿಗೆ. ನೋಟಿಸ್‌ಗೆ ಮುಂಚೆ, ಇಲ್ಲವೇ ನೋಟಿಸ್ ಬಂದ 30 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಇಲ್ಲ. ಆದೇಶದವರೆಗೆ ಹೋದರೆ ತೆರಿಗೆಯ ಶೇ 10 ಅಥವಾ ₹10,000, ಯಾವುದು ಹೆಚ್ಚೋ ಅದು. ಕೇಂದ್ರದ ಪಾಲಿಗೊಂದು, ರಾಜ್ಯದ ಪಾಲಿಗೊಂದು. ನಮ್ಮ ಅಂಗಡಿಯ ₹1,52,542ರಲ್ಲಿ ತಲಾ ₹76,271 ಬರುತ್ತದೆ. ಶೇ 10 ಎಂದರೆ ₹7,627 ಮಾತ್ರ, ಆದರೆ ಕನಿಷ್ಠ ₹10,000 ಇರುವುದರಿಂದ ದಂಡ ₹20,000 ಆಗುತ್ತದೆ.

ಸೆಕ್ಷನ್ 74ರಲ್ಲಿ ಬೇಕೆಂದೇ ಮುಚ್ಚಿಟ್ಟ ಆರೋಪ ಇರುತ್ತದೆ. ದಂಡ ಮೆಟ್ಟಿಲು ಹತ್ತುತ್ತದೆ: ನೋಟಿಸ್‌ಗೆ ಮುಂಚೆ ಕಟ್ಟಿದರೆ ತೆರಿಗೆಯ ಶೇ 15, ನೋಟಿಸ್ ಬಂದ 30 ದಿನದಲ್ಲಿ ಶೇ 25, ಆದೇಶವಾದ 30 ದಿನದಲ್ಲಿ ಶೇ 50, ಆಮೇಲೆ ಶೇ 100. ಯುಪಿಐ ಮೂಲಕ, ಬ್ಯಾಂಕ್ ಖಾತೆಗೆ ರಾಜಾರೋಷವಾಗಿ ಹಣ ಪಡೆದವನು ‘ಮುಚ್ಚಿಟ್ಟ’ ಎನ್ನುವುದು ದುರ್ಬಲ ವಾದ. 74ರಡಿ ನೋಟಿಸ್ ಬಂದಿದ್ದರೆ ಅದನ್ನು 73ಕ್ಕೆ ಇಳಿಸಲು ಕೇಳುವುದು ಉತ್ತರದ ಮೊದಲ ಪ್ಯಾರಾದಲ್ಲೇ ಇರಲಿ. 2024-25ರಿಂದ ಎರಡರ ಬದಲು 74ಎ ಬಂದಿದೆ. ಅಲ್ಲಿ 30ರ ಜಾಗಕ್ಕೆ 60 ದಿನ.

ನೋಂದಣಿಯೇ ಇಲ್ಲದವರಿಗೆ ಸೆಕ್ಷನ್ 63ರಡಿ ಎಎಸ್‌ಎಂಟಿ-14 ನೋಟಿಸ್ ಬರಬಹುದು. ಉತ್ತರಕ್ಕೆ 15 ದಿನ. ಇದು ಅಧಿಕಾರಿ ತನಗೆ ಸಿಕ್ಕ ಮಾಹಿತಿಯ ಮೇಲೆ ಅಂದಾಜಿನಲ್ಲಿ ತೆರಿಗೆ ನಿಗದಿ ಮಾಡುವ ವಿಧಾನ. ಸುಮ್ಮನಿದ್ದರೆ ಆ ಅಂದಾಜೇ ಆದೇಶವಾಗುತ್ತದೆ.

ಕಾಲಮಿತಿಯನ್ನೂ ನೋಡಿ. 73ರಡಿ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ ಮೂರು ವರ್ಷದೊಳಗೆ ಆದೇಶ, ಅದಕ್ಕೆ ಮೂರು ತಿಂಗಳು ಮುಂಚೆ ನೋಟಿಸ್ ಆಗಬೇಕು. 2021-22ಕ್ಕೆ ನೋಟಿಸ್ ಗಡುವು 2025ರ ಸೆಪ್ಟೆಂಬರ್ 30ಕ್ಕಿತ್ತು. 2022-23ಕ್ಕೆ ಅದು 2026ರ ಸೆಪ್ಟೆಂಬರ್ 30. ಗಡುವು ದಾಟಿ ಬಂದ ನೋಟಿಸ್‌ಗೆ ಲೆಕ್ಕಕ್ಕಿಂತ ಮೊದಲು ಕಾಲಮಿತಿಯ ಆಕ್ಷೇಪಣೆ ಹಾಕಬೇಕು. 63 ಮತ್ತು 74ಕ್ಕೆ ಐದು ವರ್ಷ ಇದೆ ಎಂಬುದೂ ನೆನಪಿರಲಿ.

ಉತ್ತರ ಡಿಆರ್‌ಸಿ-06 ಎಂಬ ಫಾರಂನಲ್ಲಿ. ಅದರಲ್ಲಿ ‘ವೈಯಕ್ತಿಕ ವಿಚಾರಣೆ ಬೇಕೇ’ ಎಂಬಲ್ಲಿ ಹೌದು ಎಂದೇ ಗುರುತು ಹಾಕಿ. ಕೇಳಿದವರಿಗೆ ವಿಚಾರಣೆ ಕೊಡದೆ ಹೊರಡಿಸಿದ ಆದೇಶ ಅಪೀಲಿನಲ್ಲಿ ನಿಲ್ಲುವುದು ಕಷ್ಟ. ವಿಚಾರಣೆಗೆ ಮೂರು ಬಾರಿಯವರೆಗೆ ಮುಂದಿನ ತಾರೀಖು ಕೇಳಬಹುದು.

ನೋಂದಣಿ ಇದ್ದವರಿಗೆ ಬೇರೆಯೇ ತೊಂದರೆ. ನೋಟಿಸ್ ಪೋಸ್ಟ್‌ನಲ್ಲಿ ಬರುವುದಿಲ್ಲ, ಪೋರ್ಟಲ್‌ನಲ್ಲಿ ಬೀಳುತ್ತದೆ. ಅದೂ ಮಾಮೂಲಿ ನೋಟಿಸ್‌ಗಳ ಮೆನುವಿನಲ್ಲಿ ಇರದೆ ‘ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್’ ಎಂಬ ಮೂಲೆಯಲ್ಲಿ ಕೂತಿರುತ್ತದೆ. ನೋಂದಣಿಗೆ ಕೊಟ್ಟ ಮೊಬೈಲು, ಇಮೇಲ್ ಹಳೆಯ ಅಕೌಂಟೆಂಟ್‌ನದಾಗಿದ್ದರೆ ಸುದ್ದಿ ತಿಳಿಯುವುದು ಬ್ಯಾಂಕ್ ಖಾತೆ ಫ್ರೀಜ್ ಆದ ದಿನ. ಅಂಗಡಿ ಮುಚ್ಚಿ ನೋಂದಣಿ ರದ್ದು ಮಾಡಿಸಿದವರಿಗೂ ಇದೇ ಕಥೆ. ರದ್ದತಿಯಿಂದ ಹಳೆ ಬಾಕಿ ಅಳಿಯುವುದಿಲ್ಲ. ಪ್ರೊಪ್ರೈಟರ್ ಆದರೆ ಅದು ಅವರ ವೈಯಕ್ತಿಕ ಸಾಲವಾಗಿ ಬೆನ್ನ ಹಿಂದೆ ಬರುತ್ತದೆ.

ಕಟ್ಟುವ ಕ್ರಮ, ಕಟ್ಟಿಯೂ ಕೆಡಿಸಿಕೊಳ್ಳುವ ಕ್ರಮ

ಆದೇಶಕ್ಕೆ ಮುಂಚೆ ಸ್ವಂತ ಲೆಕ್ಕದಂತೆ ಕಟ್ಟುವುದಾದರೆ ಡಿಆರ್‌ಸಿ-03 ಫಾರಂ. ಬಡ್ಡಿ ವರ್ಷಕ್ಕೆ ಶೇ 18, ಸರಳ ಬಡ್ಡಿ. ನಮ್ಮ ಅಂಗಡಿಗೆ ತಿಂಗಳಿಗೆ ಸುಮಾರು ₹2,288. ಫಾರಂ ತುಂಬುವಾಗ ಕಾರಣ, ಸೆಕ್ಷನ್, ವರ್ಷ, ನೋಟಿಸ್ ನಂಬರ್ ಸರಿಯಾಗಿ ಆಯ್ದುಕೊಳ್ಳಿ. ತೆರಿಗೆಯ ಹಣವನ್ನು ಬಡ್ಡಿಯ ಕಾಲಂಗೆ ಹಾಕಿದರೆ ಸರಿಪಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಟ.

ಆದೇಶ, ಅಂದರೆ ಡಿಆರ್‌ಸಿ-07 ಬಂದ ಮೇಲೆ ಡಿಆರ್‌ಸಿ-03 ಬಳಸಬಾರದು. ಆಗ ಹಾದಿ: ಸರ್ವೀಸಸ್, ಲೆಡ್ಜರ್ಸ್, ‘ಪೇಮೆಂಟ್ ಟುವರ್ಡ್ಸ್ ಡಿಮ್ಯಾಂಡ್’. ಅಲ್ಲಿ ಡಿಮ್ಯಾಂಡ್ ಐಡಿ (ಆದೇಶದ ಬಾಕಿಗೆ ಪೋರ್ಟಲ್ ಕೊಟ್ಟ ನಂಬರ್) ಆಯ್ದು ಕಟ್ಟಬೇಕು. ಇದು ಗೊತ್ತಿಲ್ಲದೆ ಡಿಆರ್‌ಸಿ-03ರಲ್ಲಿ ಪೂರ್ತಿ ಹಣ ಕಟ್ಟಿ, ಡಿಮ್ಯಾಂಡ್ ಹಾಗೇ ಉಳಿದು, ಬ್ಯಾಂಕ್‌ಗೆ ವಸೂಲಿ ಪತ್ರ ಹೋದ ಪ್ರಸಂಗಗಳು ಸಾಕಷ್ಟಿವೆ. ಅಂಥ ಪಾವತಿಯನ್ನು ಡಿಮ್ಯಾಂಡ್‌ಗೆ ಜೋಡಿಸಲೆಂದೇ 2024ರಲ್ಲಿ ಡಿಆರ್‌ಸಿ-03ಎ ಎಂಬ ಫಾರಂ ತಂದರು. ಹಳೆ ಡಿಆರ್‌ಸಿ-03ರ ನಂಬರ್ ಮತ್ತು ಡಿಮ್ಯಾಂಡ್ ನಂಬರ್ ಎರಡೂ ಇದ್ದರೆ ಕೆಲಸ ಹತ್ತು ನಿಮಿಷದ್ದು.

ಒಂದೇ ಗಂಟಿನಲ್ಲಿ ಕಟ್ಟಲಾಗದವರಿಗೆ ಸೆಕ್ಷನ್ 80ರಡಿ ಕಂತು ಇದೆ. ಅರ್ಜಿ ಡಿಆರ್‌ಸಿ-20ರಲ್ಲಿ, ಆದೇಶ ಡಿಆರ್‌ಸಿ-21ರಲ್ಲಿ, ಹೆಚ್ಚೆಂದರೆ 24 ತಿಂಗಳ ಕಂತು. ಮೊತ್ತ ₹25,000ಕ್ಕಿಂತ ಕಡಿಮೆ ಇದ್ದರೆ ಕೊಡುವುದಿಲ್ಲ. ರಿಟರ್ನ್‌ನಲ್ಲಿ ತಾನೇ ತೋರಿಸಿ ಕಟ್ಟದೆ ಬಿಟ್ಟ ತೆರಿಗೆಗೂ ಇಲ್ಲ. ಬೇರೆ ಬಾಕಿಗೆ ವಸೂಲಿ ನಡೆಯುತ್ತಿದ್ದರೂ ಇಲ್ಲ. ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಆ ದಿನವೇ, ಬೇರೆ ನೋಟಿಸ್ ಇಲ್ಲದೆ ಕಟ್ಟಬೇಕಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ವ್ಯಾಪಾರ ಬೀಳುವ ಅಂಗಡಿ, ದೀಪಾವಳಿಯ ಮಾರಾಟ ನೋಡಿ ಕಂತಿನ ಮೊತ್ತ ಒಪ್ಪಿಕೊಳ್ಳಬಾರದು. ಅತಿ ಕಡಿಮೆ ವ್ಯಾಪಾರದ ತಿಂಗಳಿಗೆ ಹೊಂದುವಷ್ಟೇ ಕಂತು ಕೇಳಬೇಕು. ಕಂತು ನಡೆಯುವಷ್ಟು ಕಾಲ ಶೇ 18 ಬಡ್ಡಿಯೂ ಓಡುತ್ತದೆ. ಬ್ಯಾಂಕಿನ ಒಡವೆ ಸಾಲದ ಬಡ್ಡಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಒಡವೆ ಇದ್ದವರು ಎರಡನ್ನೂ ಹೋಲಿಸಿ ನೋಡಲಿ. ಮೀಟರ್ ಬಡ್ಡಿಗೆ ತಂದು ತೆರಿಗೆ ಕಟ್ಟುವುದಂತೂ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ.

ಆದೇಶದಲ್ಲಿ ಕೂಡಿಸು-ಕಳೆಯುವಿಕೆಯ ತಪ್ಪು, ಒಂದೇ ಜಮೆ ಎರಡು ಸಲ ಹಿಡಿದಂಥ ತಪ್ಪಿದ್ದರೆ ಅಪೀಲು ಬೇಕಿಲ್ಲ. ಮೂರು ತಿಂಗಳೊಳಗೆ ಸೆಕ್ಷನ್ 161ರಡಿ ತಿದ್ದುಪಡಿ ಕೇಳಬಹುದು. ವಾದವೇ ಒಪ್ಪಿಗೆಯಾಗದಿದ್ದರೆ ಎಪಿಎಲ್-01ರಲ್ಲಿ ಅಪೀಲು, ಆದೇಶ ತಲುಪಿದ ಮೂರು ತಿಂಗಳೊಳಗೆ. ತಕ್ಕ ಕಾರಣ ಇದ್ದರೆ ಇನ್ನೊಂದು ತಿಂಗಳು, ಅದಕ್ಕಿಂತ ಒಂದು ದಿನವೂ ಇಲ್ಲ. ತಿದ್ದುಪಡಿ ಅರ್ಜಿ ಹಾಕಿದ್ದೇನೆ ಎಂದು ಅಪೀಲಿನ ಗಡುವು ನಿಲ್ಲುತ್ತದೆಂದು ಕಾಯಬೇಡಿ. ಒಪ್ಪಿದ ತೆರಿಗೆ ಪೂರ್ತಿ, ಒಪ್ಪದ್ದರ ಶೇ 10 ಮೊದಲೇ ಕಟ್ಟಬೇಕು. ಕಟ್ಟಿದರೆ ಉಳಿದದ್ದರ ವಸೂಲಿ ತಾನಾಗಿ ನಿಲ್ಲುತ್ತದೆ. ಅಪೀಲೂ ಇಲ್ಲ, ಪಾವತಿಯೂ ಇಲ್ಲ ಎಂದರೆ ಮೂರು ತಿಂಗಳಾದ ಮೇಲೆ ಡಿಆರ್‌ಸಿ-13 ಎಂಬ ವಸೂಲಿ ಪತ್ರ ನೇರ ಬ್ಯಾಂಕಿಗೆ ಹೋಗುತ್ತದೆ. ಆಗ ಬ್ಯಾಂಕ್ ಮ್ಯಾನೇಜರ್ ಹತ್ತಿರ ಜಗಳವಾಡಿ ಲಾಭವಿಲ್ಲ. ಅಪೀಲಿನ ರಸೀದಿ ಅಥವಾ ಕಂತಿನ ಆದೇಶ ಹಿಡಿದು ಪತ್ರ ಕಳಿಸಿದ ಅಧಿಕಾರಿಯ ಬಳಿಗೇ ಹೋಗಬೇಕು.

ಇನ್ನು ಮುಂದಿನ ನೋಂದಣಿ. ₹1.5 ಕೋಟಿವರೆಗಿನ ವ್ಯಾಪಾರಿಗೆ ಕಾಂಪೊಸಿಷನ್‌ನಲ್ಲಿ ತೆರಿಗೆಯ ಸರಕಿನ ಮಾರಾಟಕ್ಕೆ ಶೇ 1, ಹೋಟೆಲ್‌ಗೆ ಶೇ 5. ಮೂರು ತಿಂಗಳಿಗೊಮ್ಮೆ ಸಿಎಂಪಿ-08ರಲ್ಲಿ ತೆರಿಗೆ ಪಾವತಿ, ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್. ಅರ್ಜಿ ತುಂಬುವಾಗಲೇ ಆ ಆಯ್ಕೆ ಗುರುತಿಸಬೇಕು. ಅವಸರದಲ್ಲಿ ಮಾಮೂಲಿ ನೋಂದಣಿ ಮಾಡಿಸಿದವರಿಗೆ ತಿಂಗಳ ರಿಟರ್ನ್, ಅದರ ಲೇಟ್ ಫೀ ದಿನಕ್ಕೆ ₹50 ಶುರುವಾಗುತ್ತದೆ.

ಆದಾಯ ತೆರಿಗೆಯ ಕಡೆ ಬರುವ ಪ್ರಶ್ನೆ

ಜಿಎಸ್‌ಟಿ ಉತ್ತರದಲ್ಲಿ ₹56 ಲಕ್ಷ ವಹಿವಾಟು ಒಪ್ಪಿಕೊಂಡರೆ ಅದೇ ಅಂಕಿ ಆದಾಯ ತೆರಿಗೆಗೂ ಹೊಂದಬೇಕು. ಹೆದರುವಷ್ಟೇನಿಲ್ಲ. ಸೆಕ್ಷನ್ 44ಎಡಿ ಪ್ರಕಾರ ಡಿಜಿಟಲ್ ಜಮೆಗೆ ಶೇ 6, ನಗದಿಗೆ ಶೇ 8 ಲಾಭ ತೋರಿಸಿದರೆ ಸಾಕು: ₹50 ಲಕ್ಷಕ್ಕೆ 3 ಲಕ್ಷ, ₹6 ಲಕ್ಷಕ್ಕೆ 48 ಸಾವಿರ. ಬೇರೆ ಆದಾಯ ಇಲ್ಲದವರಿಗೆ ₹3.48 ಲಕ್ಷಕ್ಕೆ ಆ ವರ್ಷ ರಿಬೇಟ್ ಕಳೆದು ತೆರಿಗೆ ಸೊನ್ನೆ. ಯುಪಿಐ ಬೋರ್ಡ್ ಕಿತ್ತವರು ಶೇ 6ರ ಲೆಕ್ಕವನ್ನು ಶೇ 8ಕ್ಕೆ ಏರಿಸಿಕೊಂಡರು ಎಂಬುದು ಇಲ್ಲಿನ ತಮಾಷೆ.

ವೃತ್ತಿಯವರಿಗೆ, ಅಂದರೆ ವಕೀಲರು, ಡಾಕ್ಟರು, ಆರ್ಕಿಟೆಕ್ಟ್ ಮುಂತಾದವರಿಗೆ 44ಎಡಿಎ ಅಡಿ ಬಂದದ್ದರಲ್ಲಿ ಅರ್ಧ ಆದಾಯ. ಇವರಿಗೆ ತೆರಿಗೆ ನಿಜವಾಗಿಯೂ ಬೀಳುತ್ತದೆ. ಬಿಟ್ಟುಹೋದ ವರ್ಷಕ್ಕೆ ಅಪ್‌ಡೇಟೆಡ್ ರಿಟರ್ನ್ ಹಾಕಬಹುದು. ಅಸೆಸ್‌ಮೆಂಟ್ ವರ್ಷ (ಆದಾಯ ಗಳಿಸಿದ ವರ್ಷದ ಮರುವರ್ಷ) ಮುಗಿದ ಮೇಲೆ ಮೊದಲ 12 ತಿಂಗಳಲ್ಲಿ ತೆರಿಗೆ-ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ, ಆಮೇಲೆ ವರ್ಷವರ್ಷಕ್ಕೆ ಶೇ 50, 60, 70. ನಾಲ್ಕು ವರ್ಷದ ಬಳಿಕ ಬಾಗಿಲು ಮುಚ್ಚಿತು. ಡಿಮ್ಯಾಂಡ್ ನೋಟಿಸ್ ಬಂದಿದ್ದರೆ 30 ದಿನದೊಳಗೆ ಕಟ್ಟಬೇಕು, ತಪ್ಪಿದರೆ ತಿಂಗಳಿಗೆ ಶೇ 1 ಬಡ್ಡಿ. ಅಪೀಲು ಹಾಕಿದವರು ಸಾಮಾನ್ಯವಾಗಿ ಶೇ 20 ಕಟ್ಟಿ ಉಳಿದದ್ದಕ್ಕೆ ತಡೆ ಪಡೆಯಬಹುದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳು ಬದಲಾದರೂ ಹಿಂದಿನ ವರ್ಷಗಳ ಬಾಕಿಗೆ 1961ರ ಕಾಯ್ದೆಯ ನಂಬರ್‌ಗಳೇ ನಡೆಯುತ್ತವೆ.

ಎಲ್ಲ ಕಟ್ಟಿದ ಮೇಲೆ ಪೋರ್ಟಲ್‌ನ ಎಲೆಕ್ಟ್ರಾನಿಕ್ ಲಯಬಿಲಿಟಿ ರಿಜಿಸ್ಟರ್‌ನ ಎರಡನೇ ಭಾಗ ತೆಗೆದು ನೋಡಿ. ಡಿಮ್ಯಾಂಡ್ ಐಡಿಯ ಎದುರು ತೆರಿಗೆ, ಬಡ್ಡಿ, ದಂಡ ಮೂರೂ ಕಾಲಂಗಳಲ್ಲಿ ಸೊನ್ನೆ ಇರಬೇಕು. ಕೇಂದ್ರದ ಸಾಲಿನಲ್ಲಿ ಸೊನ್ನೆಯಾಗಿ ರಾಜ್ಯದ ಸಾಲಿನಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಉಳಿದಿದ್ದರೂ ಅದು ನಿಮ್ಮನ್ನು ಬಾಕಿದಾರರ ಪಟ್ಟಿಯಲ್ಲೇ ಇಟ್ಟಿರುತ್ತದೆ. ಆ ಪುಟದ ಪ್ರತಿ ತೆಗೆದು, ಮುಕ್ತಾಯದ ಆದೇಶ ಮತ್ತು ಚಲನ್ ಜೊತೆ ಪರ್ಚೇಸ್ ಬಿಲ್‌ಗಳ ಫೈಲಿನಲ್ಲೇ ಇಡಿ.